ಹುಟ್ಟಿದಾಗಿನ ತೂಕ, ನಡುವಯಸ್ಸಿನ ಹೃದಯ

ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ಹಳಬರು ಇಂದಿಗೂ ಮಿಷನ್ ಆಸ್ಪತ್ರೆ ಎನ್ನುತ್ತಾರೆ. ಅಲ್ಲಿ 1934ರಿಂದಲೇ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಡುತ್ತಿದ್ದರು. 1990ರ ದಶಕದಲ್ಲಿ ಸಂಶೋಧಕರು ಹಾಗೆ ಹುಟ್ಟಿ ದೊಡ್ಡವರಾದವರಲ್ಲಿ ಹಲವರನ್ನು ಹುಡುಕಿ ಪರೀಕ್ಷಿಸಿದರು. ಹುಟ್ಟುವಾಗ ಎರಡೂವರೆ ಕೆ.ಜಿ. ಅಥವಾ ಅದಕ್ಕೂ ಕಡಿಮೆ ತೂಗಿದವರಲ್ಲಿ ಶೇ. 11 ಮಂದಿಗೆ ಹೃದಯದ ರಕ್ತನಾಳದ ಕಾಯಿಲೆಯಿತ್ತು, 3.1 ಕೆ.ಜಿ. ಅಥವಾ ಹೆಚ್ಚು ತೂಗಿದವರಲ್ಲಿ ಶೇ. 3 ಮಾತ್ರ.

ಕಾರಣವೇನು? ಗರ್ಭದಲ್ಲಿ ಪೋಷಣೆ ಸಾಲದಿದ್ದರೆ ದೇಹ ಮೊದಲು ಮಿದುಳನ್ನು ಕಾಪಾಡುತ್ತದೆ. ಕಷ್ಟಕಾಲದ ಸಂಸಾರದಂತೆ, ಉಳಿದ ಅಂಗಗಳ ಪಾಲನ್ನು ಕಡಿತ ಮಾಡುತ್ತದೆ. ಉದಾಹರಣೆಗೆ, ಮೂತ್ರಪಿಂಡದ ಸೋಸುಘಟಕಗಳು ಹುಟ್ಟುವ ಹೊತ್ತಿಗೆ ಎಷ್ಟಾಗಿರುತ್ತವೋ ಅಷ್ಟೇ. ಆಮೇಲೆ ಹೊಸದಾಗಿ ಬೆಳೆಯುವುದಿಲ್ಲ. ಹೀಗೆ ಕಡಿಮೆ ತೂಕದಲ್ಲಿ ಹುಟ್ಟಿದವರು ಮುಂದೆ ಬೊಜ್ಜು ಬೆಳೆಸಿಕೊಂಡರೆ ಸಕ್ಕರೆ ಕಾಯಿಲೆ, ರಕ್ತದೊತ್ತಡ ಬೇಗ ಹತ್ತಿರವಾಗುತ್ತವೆ.

ನಾನು ಅಂಗನವಾಡಿ ಕಾರ್ಯಕರ್ತೆ; ಆದ್ದರಿಂದಲೇ ಕೂಸುಗಳ ತೂಕದ ಮೇಲೆ ಸದಾ ಕಣ್ಣಿಡುತ್ತೇನೆ. ತಕ್ಕಡಿಯಿಂದ ಕೂಸನ್ನು ಇಳಿಸಿ, ತಾಯಿ ಕಾರ್ಡಿನ ಬೆಳವಣಿಗೆ ನಕ್ಷೆಯಲ್ಲಿ ಚುಕ್ಕಿಯಿಟ್ಟು ತಾಯಿಗೆ ತೋರಿಸುತ್ತೇನೆ. ಗೆರೆ ಮೇಲೇರದೆ ಅಡ್ಡಡ್ಡ ಸಾಗಿದರೆ ಅಂದೇ ಅವರ ಮನೆಗೆ ಹೋಗಿ ಊಟ, ಭೇದಿ, ಜ್ವರ ಎಲ್ಲ ವಿಚಾರಿಸುತ್ತೇನೆ.

ಗರ್ಭ ಕಟ್ಟಿದಂದಿನಿಂದ ಎರಡು ವರ್ಷ ತುಂಬುವವರೆಗಿನ ಸಾವಿರ ದಿನ ಬಹಳ ಮುಖ್ಯ. ಬಸುರಿಗೆ ಹೊಟ್ಟೆತುಂಬ ಊಟ, ಕಬ್ಬಿಣಾಂಶದ ಮಾತ್ರೆ ಕೊಡಿ. ಕೂಸಿಗೆ ಆರು ತಿಂಗಳು ಎದೆಹಾಲೊಂದೇ ಸಾಕು; ನಂತರ ಅದರ ಜೊತೆಗೆ ರಾಗಿ ಸರಿ, ಬೇಳೆ, ಸೊಪ್ಪು, ಮೊಟ್ಟೆ ಕೊಡಿ. ತಿಂಗಳಿಗೊಮ್ಮೆ ತಪ್ಪದೆ ತೂಕ ಹಾಕಿಸಿ.