ಚಸ್ಮಾ ತೆಗೆಸುವ ಮುನ್ನ ಇಷ್ಟು ತಿಳಿದಿರಲಿ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಕಡೆ ಕನ್ನಡಕಕ್ಕೆ ‘ಚಸ್ಮಾ’ ಎನ್ನುವುದೇ ರೂಢಿ. ಹೈಸ್ಕೂಲಿನಲ್ಲಿ ಚಸ್ಮಾ ಬಂದರೆ ಗೆಳೆಯರ ನಡುವೆ ಹೆಸರೂ ಅದೇ ಆಗಿಬಿಡುತ್ತದೆ. ಡಿಗ್ರಿ ಮುಗಿಯುವ ಹೊತ್ತಿಗೆ ಅದು ಬೇರೆ ಬೇರೆ ಕಡೆ ಅಡ್ಡ ಬರತೊಡಗುತ್ತದೆ. ಹುಡುಗರಿಗೆ ಸೇನೆ, ಪೊಲೀಸ್, ರೈಲ್ವೆ ಭರ್ತಿಯ ಚಿಂತೆ. ಹುಡುಗಿಯರ ಮನೆಯಲ್ಲಿ ನೋಡಲು ಬಂದವರು ಏನೆಂದಾರೋ ಎಂಬ ಚಿಂತೆ. ಆಗ ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ: ‘ಲೇಸರ್ ಮಾಡಸ್ರಿ, ಹತ್ತ ನಿಮಿಷದಾಗ ಚಸ್ಮಾ ಹೋಗತೈತಿ.’

ಹತ್ತು ನಿಮಿಷದ ಮಾತು ಹೆಚ್ಚುಕಡಿಮೆ ನಿಜ. ಆದರೆ ಅದಕ್ಕೂ ಮೊದಲು ನಡೆಯುವ ತಪಾಸಣೆಯೇ ಇಡೀ ಚಿಕಿತ್ಸೆಯ ಮುಖ್ಯ ಭಾಗ. ನಾನು ಬಿಇ ಓದುತ್ತಿದ್ದೇನೆ, ವಯಸ್ಸು 20, ನನ್ನ ನಂಬರ್ ಮೈನಸ್ ನಾಲ್ಕೂವರೆ. ಸೆಮಿಸ್ಟರ್ ರಜೆಯಲ್ಲಿ ತಪಾಸಣೆಗೆ ಹೋಗಿದ್ದೆ. ಒಂದು ವರ್ಷದಲ್ಲಿ ನಂಬರ್ ಮುಕ್ಕಾಲು ಹೆಚ್ಚಿದ್ದರಿಂದ ‘ಮುಂದಿನ ವರ್ಷ ಬಾ, ನಂಬರ್ ನಿಂತಿದ್ದರೆ ನೋಡೋಣ’ ಎಂದು ವೈದ್ಯರು ಕಳಿಸಿದರು. ಅಲ್ಲಿ ಕೇಳಿ ತಿಳಿದದ್ದು, ನಂತರ ಓದಿ ತಿಳಿದದ್ದು ನನ್ನಂತೆ ಯೋಚಿಸುತ್ತಿರುವವರಿಗೆ ಉಪಯೋಗವಾದೀತು.

ಬೆಂಕಿಯಲ್ಲ, ಬೆಳಕು

‘ಕಣ್ಣಾಗ ಬೆಂಕಿ ಬಿಡಸ್ಕೋತೀಯೇನೋ ಮಗಾ?’ ಎಂದು ಅವ್ವ ಕೇಳಿದ್ದಳು. ಈ ಭಯ ಬಹಳ ಮನೆಗಳಲ್ಲಿದೆ. ಇದಕ್ಕೆ ಉತ್ತರ ಕೊಟ್ಟವರು ನಮ್ಮ ದೇಶದಲ್ಲೇ ಹುಟ್ಟಿದ ವಿಜ್ಞಾನಿ ರಂಗಸ್ವಾಮಿ ಶ್ರೀನಿವಾಸನ್. ಅಮೆರಿಕದ ಐಬಿಎಂ ಸಂಸ್ಥೆಯಲ್ಲಿದ್ದ ಅವರು 1981ರ ನವೆಂಬರ್‌ನಲ್ಲಿ, ಹಬ್ಬದೂಟದಲ್ಲಿ ಉಳಿದಿದ್ದ ಟರ್ಕಿ ಕೋಳಿಯ ತುಂಡನ್ನು ಪ್ರಯೋಗಾಲಯಕ್ಕೆ ತಂದು ಅದರ ಮೇಲೆ ಎಕ್ಸೈಮರ್ ಲೇಸರ್ ಬಿಟ್ಟರು. 193 ನ್ಯಾನೋಮೀಟರಿನ ಆ ಅತಿನೇರಳೆ ಬೆಳಕು ಸುತ್ತಲಿನ ಭಾಗವನ್ನು ಸುಡದೆ, ಬೇಕಾದಷ್ಟನ್ನೇ ನುಣ್ಣಗೆ ಕೆತ್ತಿತ್ತು. ಜೇಮ್ಸ್ ವಿನ್ ಮತ್ತು ಸ್ಯಾಮ್ಯುಯೆಲ್ ಬ್ಲಮ್ ಅವರ ಜೊತೆಗಾರರು. 1983ರಲ್ಲಿ ನೇತ್ರತಜ್ಞ ಸ್ಟೀಫನ್ ಟ್ರೊಕೆಲ್ ಜೊತೆ ಸೇರಿ ಶ್ರೀನಿವಾಸನ್ ಇದನ್ನು ಕಾರ್ನಿಯಾಕ್ಕೆ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರಕ್ಕೆ ಅನ್ವಯಿಸಿದರು.

ಇಂದು ಮೂರು ವಿಧಾನಗಳು ಬಳಕೆಯಲ್ಲಿವೆ. ಪಿಆರ್‌ಕೆಯಲ್ಲಿ ಕಾರ್ನಿಯಾದ ಮೇಲಿನ ತೆಳು ಪೊರೆಯನ್ನು ತೆಗೆದು ಲೇಸರ್ ಬಿಡುತ್ತಾರೆ. ಮೂರ್ನಾಲ್ಕು ದಿನ ನೋವು ಇರುತ್ತದೆ, ದೃಷ್ಟಿ ತಿಳಿಯಾಗಲು ವಾರಗಳೇ ಬೇಕು. ಲ್ಯಾಸಿಕ್‌ನಲ್ಲಿ ಪುಸ್ತಕದ ಹಾಳೆಯಂತೆ ಒಂದು ಪದರವನ್ನು ಎತ್ತಿ, ಒಳಗೆ ಲೇಸರ್ ಬಿಟ್ಟು, ಮತ್ತೆ ಮುಚ್ಚುತ್ತಾರೆ. ಮರುದಿನವೇ ಚೆನ್ನಾಗಿ ಕಾಣುತ್ತದೆ. ಸ್ಮೈಲ್‌ನಲ್ಲಿ ಪದರ ಎತ್ತುವುದಿಲ್ಲ. ಒಳಗೇ ಒಂದು ತೆಳು ಬಿಲ್ಲೆಯನ್ನು ಕತ್ತರಿಸಿ ಸಣ್ಣ ಸೀಳಿನಿಂದ ಹೊರತೆಗೆಯುತ್ತಾರೆ. ಯಾವುದು ಹೊಸದು ಎನ್ನುವುದಕ್ಕಿಂತ ಯಾವುದು ನಿಮ್ಮ ಕಣ್ಣಿಗೆ ಹೊಂದುತ್ತದೆ ಎನ್ನುವುದು ಮುಖ್ಯ.

ಲೆಕ್ಕ ಹೊಂದಬೇಕು

ಕಾರ್ನಿಯಾದ ದಪ್ಪ ಸುಮಾರು ಅರ್ಧ ಮಿಲಿಮೀಟರ್. ಒಂದು ನಂಬರ್ ಇಳಿಸಲು ಸುಮಾರು 12ರಿಂದ 15 ಮೈಕ್ರಾನ್ ಕೆತ್ತಬೇಕು. ಲ್ಯಾಸಿಕ್‌ನಲ್ಲಿ ಎತ್ತುವ ಪದರವೇ ಸುಮಾರು 110 ಮೈಕ್ರಾನ್. ಇವೆಲ್ಲ ಹೋಗಿ ಕೆಳಗೆ ಕನಿಷ್ಠ 250 ಮೈಕ್ರಾನ್ ಉಳಿಯಲೇಬೇಕು. 300 ಉಳಿಸುವುದು ಲೇಸು ಎನ್ನುವ ವೈದ್ಯರು ಬಹಳ.

ನಂಬರಿಗೆ 14 ಮೈಕ್ರಾನಿನಂತೆ ಲೆಕ್ಕ ಹಾಕಿ ನೋಡಿ. 540 ಮೈಕ್ರಾನ್ ದಪ್ಪದ ಕಾರ್ನಿಯಾ, ನಂಬರ್ ಮೈನಸ್ 5 ಆದರೆ 110 ಮತ್ತು 70 ಕಳೆದು 360 ಉಳಿಯುತ್ತದೆ. ತೊಂದರೆ ಇಲ್ಲ. 470 ಮೈಕ್ರಾನ್ ದಪ್ಪ, ನಂಬರ್ ಮೈನಸ್ 8 ಆದರೆ ಉಳಿಯುವುದು 248. ಅಲ್ಲಿಗೆ ಲ್ಯಾಸಿಕ್ ಬೇಡ. ಹಣ ಎಷ್ಟಿದ್ದರೂ, ಯಂತ್ರ ಎಷ್ಟು ಹೊಸದಾದರೂ ಈ ಲೆಕ್ಕ ಬದಲಾಗದು. ಅಂಥವರಿಗೆ ಕಣ್ಣಿನೊಳಗೆ ಲೆನ್ಸ್ ಕೂರಿಸುವ ಐಸಿಎಲ್ ಎಂಬ ಬೇರೆ ದಾರಿ ಇದೆ.

ದಪ್ಪದ ಜೊತೆ ಕಾರ್ನಿಯಾದ ಆಕಾರದ ನಕ್ಷೆಯನ್ನೂ ತೆಗೆಯುತ್ತಾರೆ. ಕಾರ್ನಿಯಾ ಶಂಕುವಿನಂತೆ ಉಬ್ಬುವ ಕೆರಟೋಕೋನಸ್ ಎಂಬ ತೊಂದರೆಯ ಸುಳಿವು ಸಿಕ್ಕರೂ ಲೇಸರ್ ಮಾಡಬಾರದು. ಮಾಡಿದರೆ ಉಬ್ಬು ಇನ್ನಷ್ಟು ಹೆಚ್ಚುವ ಅಪಾಯವಿದೆ. ಕಣ್ಣೀರಿನ ಪ್ರಮಾಣ ಅಳೆಯುತ್ತಾರೆ. ಕಣ್ಣಿಗೆ ಹನಿ ಹಾಕಿ, ಪಾಪೆ ಅಗಲಿಸಿ, ಹಿಂಭಾಗದ ರೆಟಿನಾ ನೋಡುತ್ತಾರೆ. ಆ ದಿನ ಕೆಲವು ತಾಸು ಎಲ್ಲವೂ ಮಸುಕು, ಬಿಸಿಲು ಚುಚ್ಚುತ್ತದೆ. ಬೈಕ್ ಮೇಲೆ ಒಬ್ಬರೇ ಹೋಗಬೇಡಿ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ವೈದ್ಯರನ್ನು ಮೊದಲೇ ಕೇಳಿ, ಒಂದೆರಡು ವಾರ ಮುಂಚೆಯೇ ಅದನ್ನು ಬಿಟ್ಟಿರಬೇಕು. 18 ವರ್ಷ ತುಂಬಿರಬೇಕು, ಕನಿಷ್ಠ ಒಂದು ವರ್ಷ ನಂಬರ್ ಅರ್ಧಕ್ಕಿಂತ ಹೆಚ್ಚು ಬದಲಾಗಿರಬಾರದು. ತಪಾಸಣೆಯ ಕೊನೆಗೆ ‘ಬೇಡ’ ಎಂಬ ಉತ್ತರ ಬಂದರೆ ಕೊಟ್ಟ ಹಣ ವ್ಯರ್ಥವಾಯಿತೆಂದು ತಿಳಿಯಬೇಡಿ. ಅದು ಕಣ್ಣು ಉಳಿಸಿದ ಉತ್ತರ.

ಮೊದಲು ಅಧಿಸೂಚನೆ ಓದಿ

ನೌಕರಿಗಾಗಿ ಲೇಸರ್ ಮಾಡಿಸುವವರು ಆಸ್ಪತ್ರೆಗೆ ಹೋಗುವ ಮೊದಲು ನೇಮಕಾತಿ ಅಧಿಸೂಚನೆಯ ವೈದ್ಯಕೀಯ ಭಾಗವನ್ನು ಓದಬೇಕು. ರೈಲ್ವೆಯ ಅಸಿಸ್ಟೆಂಟ್ ಲೋಕೋ ಪೈಲಟ್ ಹುದ್ದೆಗೆ ಚಸ್ಮಾ ಇಲ್ಲದೆ ಎರಡೂ ಕಣ್ಣಿಗೆ 6/6 ದೃಷ್ಟಿ ಬೇಕು. ಆದರೆ ಲೇಸರ್ ಮಾಡಿಸಿ 6/6 ತಂದುಕೊಂಡವರಿಗೆ ಅಲ್ಲಿ ಅರ್ಹತೆ ಇಲ್ಲ. ಮಿರಜ್–ಬೆಳಗಾವಿ ಮಾರ್ಗದಲ್ಲಿ ಕುಡಚಿ, ರಾಯಬಾಗ, ಚಿಕ್ಕೋಡಿ ರೋಡ್ ನಿಲ್ದಾಣಗಳನ್ನು ದಾಟುವ ರೈಲು ನೋಡುತ್ತ ಲೋಕೋ ಪೈಲಟ್ ಆಗುವ ಕನಸು ಕಂಡವರು ಇದನ್ನು ಮರೆಯಬಾರದು. ಸೇನೆಯ ಅಧಿಕಾರಿ ಹುದ್ದೆಗಳಲ್ಲಿ ಲ್ಯಾಸಿಕ್‌ಗೆ ಷರತ್ತುಗಳಿವೆ: ಶಸ್ತ್ರಚಿಕಿತ್ಸೆಯ ವೇಳೆಗೆ 20 ವರ್ಷ ದಾಟಿರಬೇಕು, ನಂತರ 12 ತಿಂಗಳು ಕಳೆದಿರಬೇಕು, ಕಾರ್ನಿಯಾ 450 ಮೈಕ್ರಾನಿಗಿಂತ ತೆಳುವಾಗಿರಬಾರದು. ಉಳಿದ ಪಡೆಗಳ, ಹುದ್ದೆಗಳ ನಿಯಮ ಬೇರೆ ಬೇರೆ. ಅಕಾಡೆಮಿಯವರೋ ಗೆಳೆಯರೋ ಹೇಳಿದ್ದನ್ನು ನಂಬದೆ, ನೀವು ಅರ್ಜಿ ಹಾಕುವ ವರ್ಷದ ಅಧಿಸೂಚನೆಯನ್ನೇ ನೋಡಿ. ಮುಚ್ಚಿಟ್ಟರಾಯಿತು ಎನ್ನುವುದೂ ಬೇಡ. ಕಾರ್ನಿಯಾದ ನಕ್ಷೆ ತೆಗೆದರೆ ಗುರುತು ಸಿಗುತ್ತದೆ. ಬ್ಯಾಂಕ್, ಶಾಲೆ, ಸಾಫ್ಟ್‌ವೇರ್ ಕೆಲಸಕ್ಕಂತೂ ಚಸ್ಮಾ ಅಡ್ಡಿಯೇ ಅಲ್ಲ.

ಆ ದಿನ, ಆಮೇಲಿನ ದಿನ

ಲ್ಯಾಸಿಕ್‌ಗೆ ಇಂಜೆಕ್ಷನ್ ಇಲ್ಲ, ಕಣ್ಣು ಮರಗಟ್ಟಿಸುವ ಹನಿಯಷ್ಟೇ. ರೆಪ್ಪೆ ಮುಚ್ಚದಂತೆ ಕ್ಲಿಪ್ ಇಡುತ್ತಾರೆ. ಪದರ ಮಾಡುವಾಗ ಕಣ್ಣಿಗೆ ಒತ್ತಡ ಬಿದ್ದು ಅರೆಗಳಿಗೆ ಕತ್ತಲಾಗುತ್ತದೆ. ಲೇಸರ್ ನಡೆಯುವುದು ಕೆಲವೇ ಸೆಕೆಂಡ್. ಕೂದಲು ಸುಟ್ಟಂಥ ವಾಸನೆ ಬರಬಹುದು, ಗಾಬರಿ ಬೇಡ. ಕಣ್ಣು ಸ್ವಲ್ಪ ಅಲುಗಿದರೂ ಯಂತ್ರ ಅದನ್ನು ಹಿಂಬಾಲಿಸುತ್ತದೆ. ನಂತರ ನಾಲ್ಕಾರು ತಾಸು ಉರಿ, ನೀರು ಸೋರುವುದು ಸಹಜ.

ಕಣ್ಣು ಉಜ್ಜುವಂತಿಲ್ಲ, ವೈದ್ಯರು ಹೇಳುವವರೆಗೆ ಕಣ್ಣಿಗೆ ನೀರು ತಾಗುವಂತಿಲ್ಲ, ಧೂಳು ಬೀಳುವಂತಿಲ್ಲ. ನಮ್ಮ ಕಡೆ ಇದೇ ಕಷ್ಟ. ನಿಪ್ಪಾಣಿಯಲ್ಲಿ ತಂಬಾಕಿನ ಪುಡಿ, ಚಳಿಗಾಲವಿಡೀ ಕಬ್ಬಿನ ಟ್ರ್ಯಾಲಿಗಳು ಎಬ್ಬಿಸುವ ಧೂಳು. ಚಿಂಚಲಿ ಮಾಯಕ್ಕನ ಜಾತ್ರೆಯಲ್ಲಿ ಭಂಡಾರ ಹಾರುತ್ತದೆ. ಜಾತ್ರೆ, ಸುಗ್ಗಿ, ಪರೀಕ್ಷೆ ಮೂರನ್ನೂ ನೋಡಿಕೊಂಡು ದಿನ ಗೊತ್ತುಮಾಡಿ. ಕೃಷ್ಣೆಯಲ್ಲಿ ಈಜುವುದನ್ನು ಕೆಲವು ವಾರ ಮರೆತುಬಿಡಿ. ಕೆಲವರಿಗೆ ತಿಂಗಳುಗಟ್ಟಲೆ ಕಣ್ಣು ಒಣಗುತ್ತದೆ, ರಾತ್ರಿ ದೀಪಗಳ ಸುತ್ತ ಬೆಳಕಿನ ಬಳೆ ಕಾಣುತ್ತದೆ. ಹಿಂದೆ ಕೆಂಪು ದೀಪವಿಲ್ಲದ ಕಬ್ಬಿನ ಟ್ರ್ಯಾಲಿಗಳ ನಡುವೆ ಬೈಕ್ ಓಡಿಸುವವರು ಅದು ಸರಿಯಾಗುವವರೆಗೆ ರಾತ್ರಿ ಸವಾರಿ ಬಿಡುವುದೇ ಒಳ್ಳೆಯದು.

ಮರುದಿನ, ವಾರದ ನಂತರ, ತಿಂಗಳ ನಂತರ ಮತ್ತೆ ತೋರಿಸಬೇಕು. ಆದ್ದರಿಂದ ಹೋಗಿಬರಲು ಸುಲಭವಾದ ಊರೇ ಇರಲಿ. ಕಾಗವಾಡದವರಿಗೆ ಮಿರಜ್, ನಿಪ್ಪಾಣಿಯವರಿಗೆ ಕೊಲ್ಲಾಪುರ ಹತ್ತಿರ. ಹೇಳಿದ ದರ ಎರಡೂ ಕಣ್ಣಿಗೋ, ತಪಾಸಣೆ, ಔಷಧಿ ಸೇರಿದೆಯೋ, ನಂಬರ್ ಸ್ವಲ್ಪ ಉಳಿದರೆ ಮತ್ತೆ ಮಾಡಲು ಬೇರೆ ಹಣವೋ ಎಂದು ಮೊದಲೇ ಕೇಳಿ. ನಂಬರ್ 7.5ಕ್ಕಿಂತ ಕಡಿಮೆ ಇದ್ದರೆ ಆರೋಗ್ಯ ವಿಮೆಯಿಂದ ಸಾಮಾನ್ಯವಾಗಿ ಹಣ ಬರುವುದಿಲ್ಲ.

ಇನ್ನೊಂದು ಮಾತು. ಲೇಸರ್ ತೆಗೆಯುವುದು ಚಸ್ಮಾವನ್ನು ಮಾತ್ರ. ಮೈನಸ್ ನಂಬರಿನವರ ಕಣ್ಣುಗುಡ್ಡೆ ಸಾಮಾನ್ಯವಾಗಿ ಉದ್ದ, ಅದರಿಂದ ರೆಟಿನಾ ಹಿಗ್ಗಿ ತೆಳುವಾಗಿರುತ್ತದೆ. ಲೇಸರ್ ನಂತರವೂ ಅದು ಹಾಗೆಯೇ ಉಳಿಯುತ್ತದೆ. ಚಸ್ಮಾ ಹೋದ ಮೇಲೂ ವರ್ಷಕ್ಕೊಮ್ಮೆ ರೆಟಿನಾ ತೋರಿಸಿ. ಕಣ್ಣಲ್ಲಿ ಮಿಂಚು ಹೊಳೆದಂತಾದರೆ, ಕಪ್ಪು ಚುಕ್ಕಿಗಳು ಒಮ್ಮೆಲೇ ಹೆಚ್ಚಿದರೆ ಅಂದೇ ವೈದ್ಯರ ಬಳಿ ಓಡಿ. ನಮ್ಮ ಅಜ್ಜಂದಿರು ಚಸ್ಮಾಕ್ಕೆ ‘ಚಾಳೀಸು’ ಎನ್ನುತ್ತಿದ್ದರು. ಮರಾಠಿ ಬಲ್ಲ ನಮ್ಮ ಗಡಿಯವರಿಗೆ ಅದು ನಲವತ್ತರ ಲೆಕ್ಕ ಎಂದು ಬಿಡಿಸಿ ಹೇಳಬೇಕಿಲ್ಲ. ಇಪ್ಪತ್ತರಲ್ಲಿ ಲೇಸರ್ ಮಾಡಿಸಿಕೊಂಡವರಿಗೂ ನಲವತ್ತು ದಾಟಿದ ಮೇಲೆ ಓದಲು ಚಾಳೀಸು ಬೇಕಾಗುವುದು ತಪ್ಪುವುದಿಲ್ಲ.