ಚೆಕೊವ್: ಕಿವಿಗೊಟ್ಟ ಕಥೆಗಾರ

ಮೂವತ್ತು ವರ್ಷಗಳಿಗೂ ಮಿಕ್ಕು ಸಾಹಿತ್ಯವನ್ನು ಬೋಧಿಸಿದ ನಾನು, ಒಂದು ತಪ್ಪನ್ನು ಒಪ್ಪಿಕೊಂಡೇ ಈ ಮಾತುಗಳನ್ನು ಆರಂಭಿಸಬೇಕು. ರಷ್ಯದ ಆಂಟನ್ ಚೆಕೊವ್‌ನ ಕಥೆಗಳಲ್ಲಿ ಏನೂ ನಡೆಯುವುದಿಲ್ಲವೆಂದು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೆ.

ಚೆಕೊವ್ ಜನಿಸಿದ್ದು 1860ರಲ್ಲಿ, ಅಜೋವ್ ಸಮುದ್ರತೀರದ ಟಗನ್‌ರೋಗ್ ಪಟ್ಟಣದಲ್ಲಿ. ಅವನ ಅಜ್ಜ ಜಮೀನ್ದಾರನ ಜೀತದಾಳಾಗಿದ್ದು, ಹಣ ತೆತ್ತು ಬಿಡುಗಡೆ ಪಡೆದವನು. ಕಿರಾಣಿ ಅಂಗಡಿ ನಡೆಸುತ್ತಿದ್ದ ತಂದೆ 1876ರಲ್ಲಿ ದಿವಾಳಿಯಾಗಿ, ಸಾಲ ಕೊಟ್ಟವರಿಗೆ ಹೆದರಿ ಮಾಸ್ಕೋಗೆ ಓಡಿಹೋದನು. ಹದಿನಾರರ ಹುಡುಗ ಆಂಟನ್ ಊರಿನಲ್ಲೇ ಉಳಿದು, ಮನೆಪಾಠ ಹೇಳಿ ಹೊಟ್ಟೆ ಹೊರೆದು ಶಾಲೆ ಮುಗಿಸಿದನು. ಬಳಿಕ ಮಾಸ್ಕೋದಲ್ಲಿ ವೈದ್ಯಶಾಸ್ತ್ರದ ವ್ಯಾಸಂಗ; ಸಂಸಾರದ ಖರ್ಚಿಗಾಗಿ ಹಾಸ್ಯಪತ್ರಿಕೆಗಳಿಗೆ ಗುಪ್ತನಾಮದಲ್ಲಿ ಕಿರುಬರಹ. 1884ರಲ್ಲಿ ಅವನು ವೈದ್ಯನಾದನು.

ರೋಗಿಯ ಮಾತನ್ನು ಕೇಳುವುದು ವೈದ್ಯನ ಮೊದಲ ಕೆಲಸವಷ್ಟೆ. ಚೆಕೊವ್‌ನ ಕಥೆಗಾರಿಕೆಯ ಬೇರೂ ಅಲ್ಲಿಯೇ ಇದೆಯೆಂದು ನನ್ನ ಭಾವನೆ. 1886ರಲ್ಲಿ ಅವನು ಬರೆದ ಒಂದು ಕಥೆಯನ್ನು ನೋಡಿ; ‘ವ್ಯಥೆ’ ಎಂದು ಅದನ್ನು ಕನ್ನಡದಲ್ಲಿ ಕರೆಯಬಹುದು. ಇಯೋನ ಬಾಡಿಗೆಯ ಬಂಡಿ ಹೊಡೆಯುವ ಮುದುಕ. ಆ ವಾರವಷ್ಟೇ ಅವನ ಮಗ ಸತ್ತಿದ್ದಾನೆ. ಹಿಮ ಬೀಳುವ ಸಂಜೆ ಬಂಡಿಯೇರಿದ ಸೇನಾಧಿಕಾರಿಗೆ ಹೇಳಹೋದರೆ ಅವನು ಒಂದು ಮಾತು ಕೇಳಿ ಕಣ್ಣು ಮುಚ್ಚುತ್ತಾನೆ. ಗದ್ದಲದ ಮೂವರು ತರುಣರು ಬೈಯುತ್ತಾರೆ. ರಾತ್ರಿ ನೀರಿಗೆಂದು ಎದ್ದ ಎಳೆಯ ಗಾಡಿಯವನು ಮುಸುಕೆಳೆದು ಮಲಗುತ್ತಾನೆ. ಕೊನೆಗೆ ಇಯೋನ ಲಾಯಕ್ಕೆ ಹೋಗಿ, ಹುಲ್ಲು ಮೆಲ್ಲುತ್ತ ನಿಂತ ಕುದುರೆಗೆ ಎಲ್ಲವನ್ನೂ ಹೇಳಿಕೊಳ್ಳುತ್ತಾನೆ. ಕಥೆ ಇಷ್ಟೇ. ಕಥೆಗಾರ ಯಾರನ್ನೂ ದೂಷಿಸುವುದಿಲ್ಲ. ನಮ್ಮ ಕಣ್ಣೀರನ್ನೂ ಬೇಡುವುದಿಲ್ಲ.

ಈ ಕಿವಿಗೊಡುವ ಗುಣ ಬರಹಕ್ಕಷ್ಟೇ ಮೀಸಲಾಗಿರಲಿಲ್ಲ. ಕ್ಷಯದ ಸೂಚನೆ ಆಗಲೇ ಕಂಡಿದ್ದರೂ, 1890ರಲ್ಲಿ ಅವನು ರೈಲುಮಾರ್ಗವಿಲ್ಲದ ಸೈಬೀರಿಯವನ್ನು ದಾಟಿ, ಕೈದಿಗಳ ದ್ವೀಪವಾದ ಸಖಾಲಿನ್ ತಲುಪಿದನು. ಅಲ್ಲಿದ್ದ ಮೂರು ತಿಂಗಳಲ್ಲಿ ಗುಡಿಸಲಿನಿಂದ ಗುಡಿಸಲಿಗೆ ನಡೆದು, ಸುಮಾರು 10,000 ಜನರ ಹೆಸರು, ವಯಸ್ಸು, ಹುಟ್ಟೂರುಗಳನ್ನು ಚೀಟಿಗಳಲ್ಲಿ ದಾಖಲಿಸಿದನು. 1892ರ ‘ವಾರ್ಡ್ ನಂಬರ್ 6’ ಕಥೆಯಲ್ಲಿ, ಹುಚ್ಚರ ನೋವಿಗೆ ತತ್ತ್ವ ಹೇಳುತ್ತಿದ್ದ ವೈದ್ಯನೇ ಕಡೆಗೆ ಅದೇ ವಾರ್ಡಿನಲ್ಲಿ ಬಂದಿಯಾಗುತ್ತಾನೆ. ಚೆಕೊವ್ ಜರ್ಮನಿಯಲ್ಲಿ ಕ್ಷಯದಿಂದ ತೀರಿಕೊಂಡದ್ದು 1904ರಲ್ಲಿ. ಆಗ ಅವನಿಗೆ ನಲವತ್ತನಾಲ್ಕು ವರ್ಷ.

ನನ್ನ ಪತ್ನಿ ಕಾಲವಾದ ತಿಂಗಳು ಮನೆಗೆ ಅನೇಕ ವಿದ್ವಾಂಸರು ಬಂದರು. ಎಲ್ಲರೂ ಸಮಾಧಾನ ಹೇಳಿದರು. ಹಾಲು ಹಾಕುವ ಹುಡುಗನೊಬ್ಬ ಮಾತ್ರ, “ಅಮ್ಮಾವ್ರಿಗೆ ಏನಾಗಿತ್ತು ಸಾರ್?” ಎಂದು ಕೇಳಿ, ಕ್ಯಾನನ್ನು ಕೆಳಗಿಟ್ಟು, ನಾನು ಹೇಳಿ ಮುಗಿಸುವವರೆಗೂ ನಿಂತಿದ್ದನು. ಅಂದು ರಾತ್ರಿ ಇಯೋನನ ಕಥೆಯನ್ನು ಮತ್ತೆ ತೆರೆದೆ.

ಏನೂ ನಡೆಯುವುದಿಲ್ಲವೆಂದಿದ್ದೆನಲ್ಲ! ಒಬ್ಬನ ನೋವನ್ನು ಇನ್ನೊಬ್ಬ ಕೇಳುವುದು, ಇಲ್ಲವೆ ಕೇಳದೆ ಹೋಗುವುದು, ಅವನ ಕಥೆಗಳಲ್ಲಿ ನಡೆಯುತ್ತಲೇ ಇತ್ತು. ನನ್ನ ಹಳೆಯ ವಿದ್ಯಾರ್ಥಿಗಳು ಯಾರಾದರೂ ಇದನ್ನು ಕೇಳುತ್ತಿದ್ದರೆ, ಅಂದಿನ ಪಾಠವನ್ನು ತಿದ್ದಿಕೊಳ್ಳಬೇಕೆಂದು ಕೋರುತ್ತೇನೆ.