ನಿಮ್ಮ ನೇಟಿವ್ ಯಾವುದು?

ಕ್ಯಾಂಪಸ್ ಸಂದರ್ಶನದ ಸೀಸನ್ ಹತ್ತಿರ ಬಂತೆಂದರೆ ದಾವಣಗೆರೆಯ ಯಾವ ಎಂಜಿನಿಯರಿಂಗ್ ಕಾಲೇಜಿನ ಕಾರಿಡಾರ್‌ನಲ್ಲಿ ನಿಂತರೂ ಒಂದು ವಾಕ್ಯ ಕಿವಿಗೆ ಬೀಳುತ್ತದೆ: ‘ಮೈ ನೇಟಿವ್ ಈಸ್ ಹರಿಹರ.’ ಹರಿಹರದ ಜಾಗದಲ್ಲಿ ಹೊನ್ನಾಳಿಯೋ ಜಗಳೂರೋ ಇರಬಹುದು, ಉಳಿದದ್ದು ಬದಲಾಗುವುದಿಲ್ಲ. ‘ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್’ ಎಂದಾಗ ಹೆಸರು ಹೇಳಿದ ಮೇಲೆ ಬರುವ ಎರಡನೆಯ ಸಾಲು ಇದು. ಎಲ್ಲರಿಗೂ ಬಾಯಿಪಾಠ.

ಕನ್ನಡದಲ್ಲಿ ಈ ಪದದಿಂದ ಯಾವ ತಕರಾರೂ ಇಲ್ಲ. ‘ಹಬ್ಬಕ್ಕೆ ನೇಟಿವ್‌ಗೆ ಹೋಗ್ತಿದೀನಿ’ ಅಂದರೆ ಊರಿಗೆ ಹೋಗುತ್ತಿದ್ದಾರೆ ಅಂತ ಯಾರಿಗಾದರೂ ತಿಳಿಯುತ್ತದೆ. ಬಸ್ಸು, ಟೇಬಲ್ಲಿನ ಹಾಗೆ ಅದೂ ನಮ್ಮದೇ ಆಗಿಹೋಗಿದೆ. ತೊಂದರೆ ಶುರುವಾಗುವುದು ಅದನ್ನು ವಾಪಸ್ ಇಂಗ್ಲಿಷ್‌ಗೆ ಒಯ್ದಾಗ. ಅಲ್ಲಿ ನೇಟಿವ್ ಮೂಲತಃ ವಿಶೇಷಣ. ಅದರ ಮುಂದೆ ಒಂದು ನಾಮಪದ ಬೇಕು. ‘ಮೈ ನೇಟಿವ್ ಈಸ್ ಹರಿಹರ’ ಎನ್ನುವುದು ಕನ್ನಡದಲ್ಲಿ ‘ನನ್ನ ಸ್ವಂತ ಹರಿಹರ’ ಅಂತ ನಿಲ್ಲಿಸಿದ ಹಾಗೆ. ಸ್ವಂತ ಏನು, ಊರೋ ಮನೆಯೋ ಎಂದು ಕೇಳುವವರು ಕಾಯುತ್ತಾರೆ.

‘ಮೈ ನೇಟಿವ್ ಪ್ಲೇಸ್ ಈಸ್ ಹರಿಹರ’ ಎಂದರೆ ನಮ್ಮ ದೇಶದಲ್ಲಿ ಸಲೀಸಾಗಿ ನಡೆಯುತ್ತದೆ. ಹೊರದೇಶದವರು ಇದನ್ನೇ ‘ಹೋಮ್‌ಟೌನ್’ ಅನ್ನುತ್ತಾರೆ. ‘ಐ ಆಮ್ ಎ ನೇಟಿವ್ ಆಫ್ ಹರಿಹರ’ ಕೂಡ ಸರಿಯೇ. ಇಲ್ಲಿ ಅದು ನಾಮಪದ, ಆದರೆ ಊರಿನ ಹೆಸರಲ್ಲ, ಆ ಊರಿನಲ್ಲಿ ಹುಟ್ಟಿದ ಮನುಷ್ಯ. ಗೊಂದಲವೆಲ್ಲ ಇಲ್ಲೇ ಇರುವುದು: ಇಂಗ್ಲಿಷ್‌ನಲ್ಲಿ ನೇಟಿವ್ ಆಗುವುದು ನಾನು, ನಮ್ಮ ಊರಲ್ಲ. ಇದೆಲ್ಲಕ್ಕಿಂತ ಸುಲಭದ್ದು ‘ಐ ಆಮ್ ಫ್ರಮ್ ಹರಿಹರ’. ನಾಲ್ಕೇ ಪದ. ಇಷ್ಟು ಚಿಕ್ಕದಾಗಿ ಹೇಳಿದರೆ ಇಂಗ್ಲಿಷ್ ಬರುವುದಿಲ್ಲ ಅಂದುಕೊಂಡಾರು ಎಂಬ ಅಳುಕು ನಮ್ಮಲ್ಲಿ ಬಹಳ ಜನಕ್ಕಿದೆ. ಯಾಕೋ ಗೊತ್ತಿಲ್ಲ.

‘ನೇಟಿವ್ ಲ್ಯಾಂಗ್ವೇಜ್’ ಅಂದರೆ ಹುಟ್ಟಿನಿಂದ ಬಂದ ಭಾಷೆ. ಕಂಪ್ಯೂಟರ್ ಸೈನ್ಸ್‌ನವರ ‘ನೇಟಿವ್ ಕೋಡ್’ ಎಂದರೆ ಆ ಪ್ರೊಸೆಸರ್ ನೇರವಾಗಿ ಅರ್ಥಮಾಡಿಕೊಳ್ಳುವ ಕೋಡ್, ನಡುವೆ ದುಭಾಷಿ ಬೇಕಿಲ್ಲ. ಗಿಡಮರ, ಪ್ರಾಣಿಗಳಿಗೆ ‘ನೇಟಿವ್ ಟು’ ಬಳಸಬೇಕು. ನಮ್ಮ ಜಿಲ್ಲೆಯ ಹೊಲಗಳ ತುಂಬ ಕಾಣುವ ಮೆಕ್ಕೆಜೋಳ ‘ನೇಟಿವ್ ಟು ಮೆಕ್ಸಿಕೋ’. ಮಂಡಕ್ಕಿ ಜೊತೆ ನಾವು ಕಡಿಯುವ ಮಿರ್ಚಿಯ ಮೆಣಸಿನಕಾಯಿ, ಬೆಣ್ಣೆದೋಸೆಯ ಪಲ್ಯದ ಆಲೂಗಡ್ಡೆ, ಎರಡೂ ಅಮೆರಿಕ ಖಂಡದ ಕಡೆಯಿಂದ ಬಂದವು. ಬಳ್ಳಾರಿ ಜಾಲಿಯದಂತೂ ದೊಡ್ಡ ತಮಾಷೆ. ಹೆಸರಿನಲ್ಲೇ ಊರಿದೆ, ಆದರೆ ಅದೂ ಅಲ್ಲಿನದಲ್ಲ!

ಒಂದು ಎಚ್ಚರಿಕೆ ಬೇಕು. ‘ದಿ ನೇಟಿವ್ಸ್’ ಎಂದು ಜನರನ್ನು ಒಟ್ಟಾಗಿ ಕರೆದರೆ ಕೀಳಾಗಿ ಕೇಳಿಸುತ್ತದೆ. ಬ್ರಿಟಿಷರು ನಮ್ಮನ್ನು ಹಾಗೆ ಕರೆಯುತ್ತಿದ್ದರು. ಅವರ ಭಾರತೀಯ ಸಿಪಾಯಿಗಳ ಪಡೆಗೆ ‘ನೇಟಿವ್ ಇನ್‌ಫೆಂಟ್ರಿ’ ಎಂದು ಹೆಸರು, ನಮ್ಮ ಮೈಸೂರು ಸಂಸ್ಥಾನ ಅವರ ಕಡತಗಳಲ್ಲಿ ‘ನೇಟಿವ್ ಸ್ಟೇಟ್’.

ಪದದ ಬೇರು ಲ್ಯಾಟಿನ್‌ನಲ್ಲಿದೆ. ಅಲ್ಲಿ ‘ನಾಟಸ್’ ಅಂದರೆ ಹುಟ್ಟಿದವನು. ನೇಷನ್, ನೇಚರ್ ಅದೇ ಬೇರಿನವು. ಸಂಸ್ಕೃತದ ‘ಜಾತ’ ಅದರ ದೂರದ ನೆಂಟ ಎನ್ನುತ್ತಾರೆ ಭಾಷಾವಿಜ್ಞಾನಿಗಳು. ಹಾಗಾದರೆ ‘ಜಾತಿ’ಯೂ ನೆಂಟನೇ. ದಾವಣಗೆರೆಯಲ್ಲಿ ಬಾಡಿಗೆ ರೂಮು ಹುಡುಕಿದವರಿಗೆ ಈ ನೆಂಟಸ್ತಿಕೆ ನಿಘಂಟು ನೋಡದೆಯೇ ಗೊತ್ತು. ‘ನೇಟಿವ್ ಯಾವುದಪ್ಪಾ?’ ಎಂದು ಶುರುವಾಗಿ, ‘ಅಲ್ಲಿ ಯಾವ ಓಣಿ?’ ‘ಯಾರ ಪೈಕಿ?’ ಎಂದು ಮುಂದುವರಿದು ಎಲ್ಲಿ ನಿಲ್ಲುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಸಂದರ್ಶನದಲ್ಲಿ ಊರು ಕೇಳುವುದಕ್ಕೂ ಹೀಗೆ ಕೇಳುವುದಕ್ಕೂ ಬಹಳ ಅಂತರವಿದೆ.

ಇನ್ನು ಹರಿಹರದವರ ಕಷ್ಟವೇ ಬೇರೆ. ದಾವಣಗೆರೆಯಿಂದ ಬಸ್ಸಿನಲ್ಲಿ ಅರ್ಧ ಗಂಟೆ ದೂರದ ಈ ಊರಿಗೆ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಬಂತು. ಲೇತ್ ಯಂತ್ರಗಳಿಗೆ ಹೆಸರಾದ ಕಾರ್ಖಾನೆ. ಎಲ್ಲೆಲ್ಲಿಂದಲೋ ಜನ ಕೆಲಸಕ್ಕೆ ಬಂದು ನೆಲೆಸಿದರು. ಆಮೇಲೆ ಪಾಲಿಫೈಬರ್ಸ್ ಬಂತು. ಅದರ ಹೆಸರಿನಲ್ಲಿ ಹರಿಹರವಿದೆ, ಕಾರ್ಖಾನೆ ಇರುವುದು ಮಾತ್ರ ತುಂಗಭದ್ರೆಯ ಆಚೆ ದಡದ ಕುಮಾರಪಟ್ಟಣದಲ್ಲಿ, ಹಾವೇರಿ ಜಿಲ್ಲೆಯಲ್ಲಿ. ಜಿಲ್ಲೆಯದೂ ಇದೇ ಕಥೆ. 1997ರಲ್ಲಿ ದಾವಣಗೆರೆ ಜಿಲ್ಲೆಯಾಗುವವರೆಗೆ ಹರಿಹರ ಚಿತ್ರದುರ್ಗಕ್ಕೆ ಸೇರಿತ್ತು. ಹಾಗಾಗಿ ಒಂದೇ ಮನೆಯಲ್ಲಿ, ಒಂದೇ ಊರಿನಲ್ಲಿ ಹುಟ್ಟಿದ ಅಪ್ಪ ಮತ್ತು ಮಗನ ದಾಖಲೆಗಳಲ್ಲಿ ಬೇರೆ ಬೇರೆ ಜಿಲ್ಲೆ.

ನನ್ನ ಕ್ಲಾಸ್‌ಮೇಟ್ ಒಬ್ಬನ ಅಜ್ಜ ಹಾಗೆ ಕಿರ್ಲೋಸ್ಕರ್ ಕೆಲಸಕ್ಕೆಂದು ಗದಗಿನ ಹತ್ತಿರದ ಹಳ್ಳಿಯಿಂದ ಬಂದವರು. ಅವನ ಅಪ್ಪ ಹುಟ್ಟಿದ್ದು ಹರಿಹರದಲ್ಲಿ, ಇವನೂ ಅಲ್ಲೇ. ಆದರೂ ಮನೆಯಲ್ಲಿ ‘ನೇಟಿವ್’ ಎಂದರೆ ಇವತ್ತಿಗೂ ಆ ಹಳ್ಳಿ. ಜಾತ್ರೆಗೆ ಎರಡು ಸಲ ಹೋಗಿದ್ದು ಬಿಟ್ಟರೆ ಅವನಿಗೆ ಅಲ್ಲಿನ ದಾರಿಯೂ ಗೊತ್ತಿಲ್ಲ. ಕನ್ನಡದ ನೇಟಿವ್ ಅವನನ್ನು ಗದಗಿಗೆ ಕಳಿಸುತ್ತದೆ, ಇಂಗ್ಲಿಷ್‌ನ ನೇಟಿವ್ ಹರಿಹರದಲ್ಲೇ ಇಳಿಸುತ್ತದೆ. ಅಣಕು ಸಂದರ್ಶನಕ್ಕೆ ತಯಾರಾಗುವಾಗ ಯಾವ ಊರು ಹೇಳಲಿ ಎಂದು ನಿಜಕ್ಕೂ ತಲೆ ಕೆಡಿಸಿಕೊಂಡಿದ್ದ. ನಾವಿಬ್ಬರೂ ಕೂತು ಬರೆದದ್ದು ಇಷ್ಟು: ‘ಐ ವಾಸ್ ಬಾರ್ನ್ ಅಂಡ್ ಬ್ರಾಟ್ ಅಪ್ ಇನ್ ಹರಿಹರ. ಮೈ ಫ್ಯಾಮಿಲಿ ಈಸ್ ಒರಿಜಿನಲಿ ಫ್ರಮ್ ಎ ವಿಲೇಜ್ ನಿಯರ್ ಗದಗ.’

ಎರಡು ವಾಕ್ಯದಲ್ಲೂ ನೇಟಿವ್ ಇಲ್ಲ. ಸಂಜೆ ಮನೆಯಲ್ಲಿ ಓದಿ ತೋರಿಸಿದಾಗ ಅವನ ಅಜ್ಜಿ ಕೇಳಿದ್ದು ಒಂದೇ: ‘ಹಳ್ಳಿ ಹೆಸರು ಎಲ್ಲಿ ಬಂತೋ ಇದ್ರಾಗ?’